ಎರಡು ರೋಟರ್‌ಗಳ ಹಳೆಯ ಸಾಗಣೆ ಹೆಲಿಕಾಪ್ಟರ್ ನಡುಗಿದರೆ: ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ಮುಂದೊಂದು ರೋಟರ್, ಹಿಂದೊಂದು ರೋಟರ್, ನಡುವೆ ಬಸ್ಸಿನಂಥ ಉದ್ದನೆಯ ಮೈ. ಬಾಲದಲ್ಲಿ ಪುಟ್ಟ ಫ್ಯಾನ್ ಇಲ್ಲ. ಎರಡು ರೋಟರ್‌ಗಳೂ ಎದುರುಬದುರು ದಿಕ್ಕಿಗೆ ತಿರುಗುವುದರಿಂದ ಒಂದರ ತಿರುಚನ್ನು ಇನ್ನೊಂದು ನುಂಗಿಕೊಳ್ಳುತ್ತದೆ. ವಿನ್ಯಾಸಕ ಫ್ರಾಂಕ್ ಪಿಯಾಸೆಕಿಯವರ ಇಂಥ ಯಂತ್ರ ಎಕ್ಸ್‌ಎಚ್‌ಆರ್‌ಪಿ-ಎಕ್ಸ್ 1945ರ ಮಾರ್ಚ್ 7ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಾರಿತು. ಅದರ ತಯಾರಿಕಾ ರೂಪವೇ ಎಚ್‌ಆರ್‌ಪಿ-1. ಹಿಂದಿನ ರೋಟರ್ ಮುಂದಿನದಕ್ಕೆ ತಾಗದಿರಲೆಂದು ಅದರ ಬಾಲವನ್ನು ಮೇಲಕ್ಕೆ ಬಾಗಿಸಿದ್ದರು, ಹಾಗಾಗಿ ಜನ ‘ಹಾರುವ ಬಾಳೆಹಣ್ಣು’ ಎಂದರು. ಇಂಗ್ಲೆಂಡಿನ ಬ್ರಿಸ್ಟಲ್ 173 ಮತ್ತು ಸೋವಿಯತ್ ಒಕ್ಕೂಟದ ಯಾಕ್-24 ಹಾರಿದ್ದು 1952ರಲ್ಲಿ. ಪಿಯಾಸೆಕಿಯವರ ದೈತ್ಯ ಎಕ್ಸ್‌ಎಚ್-16 ಬಂದದ್ದು 1953ರಲ್ಲಿ. ಈ ನಾಲ್ಕನ್ನೂ ಕಾಡಿದ ಕಾಯಿಲೆಗಳನ್ನು ಲಕ್ಷಣದ ಕಡೆಯಿಂದ ನೋಡುವುದು ಈ ಬರಹದ ಕೆಲಸ.

ಇವುಗಳಲ್ಲಿ ಯಾವುದನ್ನೂ ಇಂದು ಯಾರೂ ಹಾರಿಸುವುದಿಲ್ಲ. ಆದರೆ ಅಳತೆಗೆ ತಕ್ಕ ರಿಮೋಟ್ ಮಾದರಿ ಕಟ್ಟುವವರಿದ್ದಾರೆ, ಏರೋನಾಟಿಕಲ್ ಓದುವ ಹುಡುಗ ಹುಡುಗಿಯರಿದ್ದಾರೆ, 2019ರಲ್ಲಿ ಚಂಡೀಗಢಕ್ಕೆ ಇದೇ ಬಗೆಯ ಎರಡು ರೋಟರಿನ ಚಿನೂಕ್ ಬಂದಾಗ ‘ಇದು ಹೇಗಪ್ಪಾ ಹಾರುತ್ತೆ’ ಎಂದು ಕೇಳಿದ ನೆಂಟರಿದ್ದಾರೆ. ನಾನು ಕೆಲಸ ಮಾಡಿದ್ದು ಒಂದೇ ರೋಟರಿನ ಹೆಲಿಕಾಪ್ಟರ್‌ಗಳ ಹ್ಯಾಂಗರಿನಲ್ಲಿ. ಹುಡುಕುವ ಕ್ರಮ ಇದಕ್ಕೂ ಅದೇ, ಒಂದು ವ್ಯತ್ಯಾಸ ಬಿಟ್ಟರೆ.

ಆ ವ್ಯತ್ಯಾಸವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ರೋಟರಿನ ಯಂತ್ರದಲ್ಲಿ ನೋವು ಕಾಣಿಸುವ ಜಾಗ ಒಂದು, ಗಾಯ ಇರುವ ಜಾಗ ಇನ್ನೊಂದು. ಉದ್ದನೆಯ ಬಿದಿರನ್ನು ಹೆಗಲ ಮೇಲೆ ಹೊತ್ತು ನಡೆದವರಿಗೆ ಇದು ಗೊತ್ತಿರುತ್ತದೆ: ಹಿಂದಿನ ತುದಿ ಎಲ್ಲೋ ಗೇಟಿಗೆ ತಗುಲಿದರೆ ಕುಣಿಯುವುದು ಮುಂದಿನ ತುದಿ. ಈ ಯಂತ್ರದ ಮೈಯೂ ಹಾಗೇ ಬಾಗುತ್ತದೆ. ಮೂತಿಯಲ್ಲಿ ಕೂತ ಪೈಲಟ್ ‘ಮುಂದಿನ ರೋಟರ್ ಸರಿಯಿಲ್ಲ’ ಎಂದು ಬರೆದುಕೊಟ್ಟರೆ ಅವರ ಮಾತನ್ನು ನಂಬಿ, ಆದರೆ ಸ್ಪ್ಯಾನರ್ ಹಿಡಿದು ನೇರ ಮುಂದಿನ ರೋಟರಿಗೇ ಹತ್ತಬೇಡಿ.

ಕೈ ಹಾಕುವ ಮುನ್ನ

ಮ್ಯಾಗ್ನೆಟೊ (ಎಂಜಿನ್ನಿಗೆ ಕಿಡಿ ಕೊಡುವ ಸಾಧನ) ಸ್ವಿಚ್ ಆಫ್, ಬ್ಯಾಟರಿ ಬಿಚ್ಚಿದೆ, ರೋಟರ್ ಬ್ರೇಕ್ ಹಾಕಿದೆ: ಈ ಮೂರನ್ನೂ ನೀವೇ ಕಣ್ಣಾರೆ ನೋಡಿ. ‘ಹಾಕಿದೀನಿ ಸಾರ್’ ಎಂಬ ಮಾತಿನ ಮೇಲೆ ಹೋಗಬೇಡಿ. ಹಳೆಯ ಪಿಸ್ಟನ್ ಎಂಜಿನ್ನಿನ ಮ್ಯಾಗ್ನೆಟೊಗೆ ಬ್ಯಾಟರಿಯ ಹಂಗಿಲ್ಲ. ಬ್ಲೇಡನ್ನು ಕೈಯಲ್ಲಿ ತಿರುಗಿಸುವಾಗ ಎಂಜಿನ್ ಒಂದು ಸುತ್ತು ಹೊತ್ತಿಕೊಂಡರೂ ಸಾಕು. ಇನ್ನೊಂದು ಮಾತು, ಒಂದು ರೋಟರ್ ತಿರುಗಿಸಿದರೆ ಇನ್ನೊಂದೂ ತಿರುಗುತ್ತದೆ. ಹಿಂದೆ ಏಣಿಯ ಮೇಲೆ ಯಾರಿದ್ದಾರೆ ಎಂದು ಕೂಗಿ ಕೇಳದೆ ಮುಂದಿನ ಬ್ಲೇಡ್ ಮುಟ್ಟಬೇಡಿ. ಯಂತ್ರ ಓಡುತ್ತಿರುವಾಗ ಮೂತಿಯ ಕಡೆಯಿಂದ ಹತ್ತಿರ ಹೋಗುವಂತೆಯೇ ಇಲ್ಲ. ಮುಂದಿನ ರೋಟರ್ ಅಲ್ಲಿ ತಲೆಯ ಮಟ್ಟಕ್ಕೆ ತಗ್ಗಬಹುದು.

ಲಕ್ಷಣ: ನೆಲದ ಮೇಲಿರುವಾಗಲೇ ಓಲಾಡುತ್ತದೆ, ಓಲಾಟ ಹೆಚ್ಚುತ್ತಲೇ ಹೋಗುತ್ತದೆ

ಎಲ್ಲಕ್ಕಿಂತ ಅಪಾಯದ ಲಕ್ಷಣ ಇದು. ಯಂತ್ರ ಹಾರಿಲ್ಲ, ಚಕ್ರ ನೆಲದಲ್ಲೇ ಇದೆ, ರೋಟರ್ ವೇಗ ಏರುತ್ತಿದೆ. ಮೊದಲು ದೋಣಿಯಲ್ಲಿ ಕೂತಂತೆ ಸಣ್ಣಗೆ ಎಡಕ್ಕೆ ಬಲಕ್ಕೆ ವಾಲುತ್ತದೆ. ಎರಡು ಮೂರು ಸೆಕೆಂಡು ಕಳೆಯುವಷ್ಟರಲ್ಲಿ ಚಕ್ರಗಳು ಸರದಿಯಂತೆ ನೆಲ ಬಿಡತೊಡಗುತ್ತವೆ. ಆಮೇಲೆ ಯಂತ್ರ ತನ್ನನ್ನು ತಾನೇ ಚೂರು ಮಾಡಿಕೊಳ್ಳುತ್ತದೆ.

ಇದಕ್ಕೆ ಗ್ರೌಂಡ್ ರೆಸೊನೆನ್ಸ್ ಎನ್ನುತ್ತಾರೆ. ಬ್ಲೇಡ್‌ಗಳು ರೋಟರಿನ ನಡುವಿನ ಹಬ್ಬಿಗೆ (ಚಕ್ರದ ಗುಂಬದಂಥ ಭಾಗ) ಕೀಲಿನಿಂದ ಸೇರಿರುತ್ತವೆ, ತಿರುಗುವ ದಿಕ್ಕಿನಲ್ಲೇ ತುಸು ಹಿಂದೆ ಮುಂದೆ ಸರಿಯಬಲ್ಲವು. ಮೂರು ಬ್ಲೇಡ್‌ಗಳ ನಡುವಿನ ಅಂತರ ಸಮನಾಗಿದ್ದರೆ ತೂಕ ನಡುಮಧ್ಯದಲ್ಲಿರುತ್ತದೆ. ಒಂದು ಬ್ಲೇಡ್ ಹಿಂದೆ ಬಿದ್ದರೆ ತೂಕದ ನಡು ಪಕ್ಕಕ್ಕೆ ಸರಿದು, ಹಬ್ಬನ್ನು ಸುತ್ತಲೂ ಎಳೆದಾಡತೊಡಗುತ್ತದೆ. ಆ ಎಳೆದಾಟದ ಲಯವೂ ಟೈರು ಮತ್ತು ಓಲಿಯೊ ಕಾಲುಗಳ (ಎಣ್ಣೆ, ಗಾಳಿ ತುಂಬಿದ ಶಾಕ್ ಅಬ್ಸಾರ್ಬರ್) ಮೇಲೆ ಮೈ ತೂಗುವ ಲಯವೂ ಒಂದೇ ಆದರೆ ಒಂದಕ್ಕೊಂದು ಕುಮ್ಮಕ್ಕು ಸಿಕ್ಕಂತೆ. 1940ರ ದಶಕದಲ್ಲಿ ಅಮೆರಿಕದ ನಾಕಾ (ನಾಸಾಕ್ಕೆ ಮುಂಚಿನ ವಿಮಾನ ಸಂಶೋಧನಾ ಸಂಸ್ಥೆ) ಸಂಸ್ಥೆಯ ರಾಬರ್ಟ್ ಕೋಲ್‌ಮನ್ ಮತ್ತು ಅರ್ನಾಲ್ಡ್ ಫೈನ್‌ಗೋಲ್ಡ್ ಇದರ ಗಣಿತವನ್ನು ಬಿಡಿಸಿದರು. ಗಣಿತ ಗೊತ್ತಿದ್ದರೂ ಬ್ರಿಸ್ಟಲ್ 173ನ್ನು ಅದು ಬಿಡಲಿಲ್ಲ. ಬ್ರಿಸ್ಟಲ್‌ನ ವಿನ್ಯಾಸಕ ರೌಲ್ ಹಾಫ್ನರ್ ಅವರ ತಂಡ ಅಷ್ಟುಹೊತ್ತಿಗೆ ಚೆನ್ನಾಗಿ ಹಾರುತ್ತಿದ್ದ ಸಿಕಮೋರ್ ಹೆಲಿಕಾಪ್ಟರಿನ ರೋಟರ್‌ಗಳನ್ನೇ ಎರಡು ತಂದು ಉದ್ದ ಮೈಗೆ ಕೂರಿಸಿತ್ತು. ರೋಟರ್‌ಗಳು ಬೇರೆಬೇರೆಯಾಗಿ ಗಟ್ಟಿಮುಟ್ಟಾಗಿದ್ದವು, ಜೋಡಿ ಮಾತ್ರ ನೆಲದ ಮೇಲೇ ನಡುಗಿತು. 1952ರ ಜನವರಿ 3ರವರೆಗೆ ಸರಿಯಾದ ಮೊದಲ ಹಾರಾಟವೇ ಆಗಲಿಲ್ಲ.

ಓಲಾಟ ಶುರುವಾದ ಕ್ಷಣದಲ್ಲಿ ಮಾಡಬೇಕಾದ್ದು ಇಷ್ಟು. ರೋಟರ್ ಹಾರುವ ವೇಗದಲ್ಲಿದ್ದರೆ ಆ ಕ್ಷಣವೇ ನೆಲ ಬಿಟ್ಟು ಏಳಬೇಕು. ಕಾಲು ನೆಲ ಬಿಟ್ಟರೆ ರೋಗಕ್ಕೆ ಆಧಾರವೇ ಇಲ್ಲ. ವೇಗ ಸಾಲದಿದ್ದರೆ ಕಲೆಕ್ಟಿವ್ (ಎಲ್ಲ ಬ್ಲೇಡ್‌ಗಳ ಕೋನವನ್ನು ಒಟ್ಟಿಗೆ ಏರಿಸಿಳಿಸುವ ಸನ್ನೆ) ಪೂರ್ತಿ ಕೆಳಗೆ, ಎಂಜಿನ್ ಬಂದ್, ಬ್ರೇಕ್. ‘ನೋಡೋಣ, ನಿಲ್ಲಬಹುದು’ ಎಂದು ಕಾಯುವಷ್ಟು ಸಮಯ ಇರುವುದಿಲ್ಲ.

ನಿಂತ ಮೇಲೆ ಹುಡುಕುವಾಗ ಅಗ್ಗದ್ದರಿಂದ ಶುರು ಮಾಡಿ.

ಮೊದಲು ಟೈರಿನ ಗಾಳಿ. ಕಣ್ಣಿನಿಂದಲ್ಲ, ಕಾಲಿನಿಂದ ಒದ್ದೂ ಅಲ್ಲ, ಗೇಜಿನಿಂದ. ಇದನ್ನು ನಾನು ಕಲಿತದ್ದು ಮಾನ ಕಳೆದುಕೊಂಡು. ಒಂದು ಯಂತ್ರ ನೆಲದ ಮೇಲೆ ಕೆಟ್ಟದಾಗಿ ಅಲುಗುತ್ತದೆ ಎಂದು ಮೂರು ದಿನ ಬ್ಲೇಡ್ ಬಿಚ್ಚಿದೆವು, ತೂಗಿದೆವು, ಮತ್ತೆ ಹಾಕಿದೆವು. ನಾಲ್ಕನೇ ದಿನ ಎಡಗಡೆ ಟೈರಿಗೆ ಗೇಜ್ ಇಟ್ಟರೆ ಮುಳ್ಳು ಇರಬೇಕಾದ್ದರ ಅರ್ಧಕ್ಕಿಂತ ಚೂರು ಮೇಲೆ ನಿಂತಿತ್ತು. ತಪಾಸಣೆ ಹಾಳೆಯ ಟೈರ್ ಕಾಲಂನಲ್ಲಿ ಮೂರೂ ದಿನ ಟಿಕ್ ಹಾಕಿದ್ದವನು ನಾನೇ.

ಟೈರ್ ಸರಿಯಿದ್ದರೆ ಓಲಿಯೊ ಕಾಲುಗಳು. ಹೊಳೆಯುವ ಕೋಲು ಎಷ್ಟು ಹೊರಗಿದೆ ಎಂದು ಅಳೆದು ಎಡ ಬಲ ಹೋಲಿಸಿ. ಕೋಲಿನ ಮೇಲೆ ಎಣ್ಣೆಯ ಪಸೆ ಇದ್ದರೆ ಸೀಲ್ ಹೋಗಿದೆ. ಬಾಲದ ಭಾಗವನ್ನು ಒಮ್ಮೆ ಒತ್ತಿ ಬಿಡಿ: ಒಂದು ಸಲ ಇಳಿದು ಎದ್ದು ನಿಲ್ಲಬೇಕು. ಸ್ಪ್ರಿಂಗ್ ಮಂಚದ ಹಾಗೆ ಎರಡು ಮೂರು ಸಲ ಕುಣಿದರೆ ಒಳಗೆ ಎಣ್ಣೆ ಕಡಿಮೆಯಾಗಿದೆ, ಗಾಳಿಯಷ್ಟೇ ಉಳಿದಿದೆ.

ಮೂರನೆಯದು ಬ್ಲೇಡಿನ ಡ್ಯಾಂಪರ್, ಅಂದರೆ ಬ್ಲೇಡಿನ ಹಿಂದೆ ಮುಂದಿನ ಸರಿದಾಟವನ್ನು ತಡೆಯುವ ಭಾಗ. ಬ್ಲೇಡಿನ ತುದಿ ಹಿಡಿದು, ತಿರುಗುವ ದಿಕ್ಕಿನಲ್ಲಿ ಮೆಲ್ಲಗೆ ತಳ್ಳಿ. ಹರಳೆಣ್ಣೆಯಲ್ಲಿ ಸೌಟು ತಿರುವಿದಂತೆ ಭಾರವಾಗಿ, ಆದರೆ ಒಂದೇ ಸಮನಾಗಿ ಸರಿಯಬೇಕು. ಮೂರು ಬ್ಲೇಡಿನ ಎರಡು ರೋಟರ್ ಎಂದರೆ ಆರು ಡ್ಯಾಂಪರ್. ಆರನ್ನೂ ಒಬ್ಬರೇ ತಳ್ಳಿ ನೋಡಬೇಕು, ಕೈ ಬದಲಾದರೆ ಹೋಲಿಕೆ ಕೆಡುತ್ತದೆ. ಒಂದು ಸಲೀಸಾಗಿ ಹೋದರೆ ಅದೇ ಕಳ್ಳ. ಆರೂ ಸಮನಾಗಿ ಸಡಿಲವಿದ್ದರೆ ಕಳ್ಳ ಸಿಗುವುದಿಲ್ಲ, ಅಪಾಯ ಮಾತ್ರ ಇನ್ನೂ ಹೆಚ್ಚು.

ಮೂರೂ ಸರಿಯಿದ್ದು ಮತ್ತೆ ಓಲಾಡಿತೆಂದರೆ ಅಲ್ಲಿಗೆ ನಿಲ್ಲಿಸಿ. ಅದು ಹ್ಯಾಂಗರಿನ ದೋಷವಲ್ಲ, ವಿನ್ಯಾಸದ್ದು. ಕಾಲುಗಳ ಬಿರುಸನ್ನೇ ಬದಲಿಸಬೇಕಾದೀತು, ಲೆಕ್ಕ ಮಾಡುವವರನ್ನು ಕರೆಯಿರಿ.

ಲಕ್ಷಣ: ಹಾರುವಾಗ ಸುತ್ತಿಗೊಮ್ಮೆ ಎತ್ತಿಹಾಕುತ್ತದೆ

ನಡುಕ ಎಂಬ ಒಂದೇ ಪದದಲ್ಲಿ ಹತ್ತು ಕಾಯಿಲೆಗಳಿವೆ. ಆದ್ದರಿಂದ ಮೊದಲು ಎಣಿಸಿ. ರೋಟರ್ ನಿಮಿಷಕ್ಕೆ 240 ಸುತ್ತು ಎಂದು ಇಟ್ಟುಕೊಳ್ಳೋಣ, ಸೆಕೆಂಡಿಗೆ 4. ಎತ್ತಿಹಾಕುವುದೂ ಸೆಕೆಂಡಿಗೆ 4 ಆದರೆ ಸುತ್ತಿಗೆ ಒಂದು ಏಟು, ಅಂದರೆ ಯಾವುದೋ ಒಂದು ಬ್ಲೇಡ್ ಉಳಿದವುಗಳಂತಿಲ್ಲ. ಎತ್ತಿನಗಾಡಿಯ ಚಕ್ರದ ಪಟ್ಟಿ ಒಂದು ಕಡೆ ಎದ್ದಾಗ ಬರುವಂಥ ಏಟು. ಸೆಕೆಂಡಿಗೆ 12 ಆದರೆ ಅದು ಮೂರೂ ಬ್ಲೇಡ್‌ಗಳ ಸಹಜ ಹೊಡೆತ, ಹಿಟ್ಟಿನ ಗಿರಣಿಯ ನೆಲದ ಮೇಲೆ ನಿಂತಂತೆ ಪಾದಕ್ಕೆ ತಿಳಿಯುತ್ತದೆ. ಅದಕ್ಕೆ ಮುಂದಿನ ಭಾಗ ನೋಡಿ.

ಏಟು ಮೇಲೆ ಕೆಳಗೆ ಇದ್ದರೆ ಒಂದು ಬ್ಲೇಡ್ ಉಳಿದವುಗಳ ದಾರಿಯಲ್ಲಿ ಹಾರುತ್ತಿಲ್ಲ. ಅಡ್ಡಡ್ಡ ಇದ್ದರೆ ತೂಕ ಸಮನಿಲ್ಲ.

ಇಲ್ಲಿ ಎರಡು ರೋಟರಿನ ತೊಡಕು ಎದುರಾಗುತ್ತದೆ. ಒಂದೇ ಶಾಫ್ಟಿಗೆ ಕಟ್ಟಿರುವುದರಿಂದ ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಎಣಿಕೆಯಿಂದ ‘ಯಾವ ಬಗೆಯ ದೋಷ’ ಎಂಬುದು ತಿಳಿಯುತ್ತದೆ, ‘ಯಾವ ರೋಟರ್’ ಎಂಬುದು ತಿಳಿಯುವುದಿಲ್ಲ. ಒಂದು ಲೋಟ ನೀರು ತೆಗೆದುಕೊಂಡು, ನೆಲದ ಮೇಲೆ ಓಡಿಸುವಾಗ ಒಳಗಿನ ಮೂತಿಯಿಂದ ಬಾಲದವರೆಗೆ ಐದಾರು ಕಡೆ ಇಟ್ಟು ನೋಡಿ. ಕೆಲವು ಜಾಗಗಳಲ್ಲಿ ನೀರು ಹೆಚ್ಚುಕಮ್ಮಿ ನಿಂತಂತಿರುತ್ತದೆ, ತುದಿಗಳಲ್ಲಿ ಚೆಲ್ಲುತ್ತದೆ. ಹೆಚ್ಚು ಚೆಲ್ಲಿದ ತುದಿಯಲ್ಲೇ ದೋಷ ಎಂದು ತೀರ್ಮಾನಿಸಬೇಡಿ. ಅದು ಮೈ ಬಾಗುವ ರೀತಿಯನ್ನಷ್ಟೇ ಹೇಳುತ್ತದೆ.

ಬಿಚ್ಚುವ ಮೊದಲು ಒರೆಸಿ. ಆ ಕಾಲದ ಬ್ಲೇಡ್ ಬಹಳಷ್ಟು ಮರದ ಕೆಲಸ: ಯಾಕ್-24ರಲ್ಲಿ ಉಕ್ಕಿನ ಕೊಳವೆಯ ಬೆನ್ನೆಲುಬು, ಮರದ ಪಕ್ಕೆಲುಬು, ಮೇಲೆ ಪ್ಲೈವುಡ್. ರಾತ್ರಿ ಮಳೆಗೆ ನಿಂತ ಯಂತ್ರದಲ್ಲಿ ಒಂದು ಬ್ಲೇಡಿನ ಬಣ್ಣ ಬಿರಿದಿದ್ದರೆ ಅದು ನೀರು ಕುಡಿದಿರುತ್ತದೆ. ತುದಿಯ ಹತ್ತಿರ ಸೇರಿದ ನೂರು ಗ್ರಾಂ, ಬುಡದ ಹತ್ತಿರದ ಕಿಲೋಗಿಂತ ಹೆಚ್ಚು ಕಾಟ ಕೊಡುತ್ತದೆ. ತುದಿಯ ಕೆಳಗೆ ನೀರಿಳಿಯುವ ಸಣ್ಣ ತೂತಿದ್ದರೆ ಅದು ಮುಚ್ಚಿದೆಯೇ ನೋಡಿ. ಬೆರಳಿನ ಗೆಣ್ಣಿನಿಂದ ಮೈಯುದ್ದಕ್ಕೂ ತಟ್ಟುತ್ತಾ ಬನ್ನಿ, ಹಲಸಿನಹಣ್ಣು ತಟ್ಟಿ ನೋಡುವ ಹಾಗೆ. ಸದ್ದು ಒಮ್ಮೆಲೇ ಬದಲಾದ ಕಡೆ ಅಂಟು ಬಿಟ್ಟಿದೆ. ಅಂಟು ಬಿಟ್ಟ ಬ್ಲೇಡನ್ನು ಹ್ಯಾಂಗರಿನಲ್ಲಿ ಅಂಟಿಸುವ ಸಾಹಸ ಬೇಡ.

ಆಮೇಲೆ ಬಾವುಟದ ಪರೀಕ್ಷೆ. ಪ್ರತಿ ಬ್ಲೇಡಿನ ತುದಿಗೆ ಬೇರೆ ಬೇರೆ ಬಣ್ಣದ ಮೇಣದ ಬಳಪ ಬಳಿಯಿರಿ. ಉದ್ದ ಕೋಲಿಗೆ ಬಿಗಿಯಾಗಿ ಕಟ್ಟಿದ ಬಟ್ಟೆಯ ಪಟ್ಟಿಯನ್ನು, ರೋಟರ್ ಓಡುವಾಗ ಪಕ್ಕದಿಂದ ನಿಧಾನವಾಗಿ ತುದಿಗಳ ಹಾದಿಗೆ ತಾಗಿಸಿ, ತಾಗಿದ ತಕ್ಷಣ ಹಿಂದಕ್ಕೆ. ಬಟ್ಟೆಯ ಮೇಲೆ ಮೂರು ಬಣ್ಣಗಳೂ ಒಂದೇ ಎತ್ತರದಲ್ಲಿ ಬಿದ್ದರೆ ಸರಿ. ನೀಲಿ ಒಂದೇ ಎರಡು ಬೆರಳು ಮೇಲಿದ್ದರೆ ನೀಲಿ ಬ್ಲೇಡಿನ ಕೋನ ಇಳಿಸಬೇಕು. ಕೇಳಲು ಸುಲಭ. ಕೋಲು ಹಿಡಿದವರ ಅಂಗೈ ಬೆವರುವುದು ಮೊದಲ ಸಲವಷ್ಟೇ ಅಲ್ಲ. ಬಾಳೆಹಣ್ಣಿನ ಹಿಂದಿನ ರೋಟರ್ ಎಷ್ಟೋ ಮೇಲಿರುವುದರಿಂದ ಅಲ್ಲಿಗೆ ಅಟ್ಟಣಿಗೆ ಬೇಕು. ಗಾಳಿಯಿರುವ ದಿನ ಆ ಅಟ್ಟಣಿಗೆ ಹತ್ತಬಾರದು.

ಒಂದು ಸಲಕ್ಕೆ ಒಂದೇ ರೋಟರಿನಲ್ಲಿ, ಒಂದೇ ಬದಲಾವಣೆ. ಮುಂದೆ ಅರ್ಧ ಸುತ್ತು, ಹಿಂದೆ ಅರ್ಧ ಸುತ್ತು ಎಂದು ಎರಡೂ ಕಡೆ ಕೈಯಾಡಿಸಿದರೆ ಯಾವುದರಿಂದ ಏನಾಯಿತೆಂದು ಯಾರೂ ಹೇಳಲಾರರು.

ಲಕ್ಷಣ: ಬಾವುಟ ಸರಿ, ತೂಕ ಸರಿ, ಆದರೂ ಇಡೀ ಮೈ ಗುಯ್ಗುಡುತ್ತದೆ

ಇಲ್ಲಿಗೆ ಬಂದರೆ ಯಾಕ್-24ರ ಕಥೆ ನೆನಪಿಡಿ. 1951ರಲ್ಲಿ ಸ್ಟಾಲಿನ್ ಒಂದೇ ವರ್ಷದ ಗಡುವು ಕೊಟ್ಟು ಮಾಡಿಸಿದ ಯಂತ್ರ ಅದು. ಸೋವಿಯತ್ ವಿನ್ಯಾಸಕ ಮಿಲ್ ಅವರ ಎಂಐ-4 ಹೆಲಿಕಾಪ್ಟರಿನ ನಾಲ್ಕು ಬ್ಲೇಡಿನ ರೋಟರ್‌ಗಳೇ ಎರಡು, 1,700 ಅಶ್ವಶಕ್ತಿಯ ಎಂಜಿನ್ ಎರಡು. ಇಲ್ಲೂ ಬ್ರಿಸ್ಟಲ್‌ನ ಕಥೆಯೇ: ಒಳ್ಳೆಯ ರೋಟರ್ ಎರಡನ್ನು ತಂದರು, ಜೋಡಿಸಿದ ಮೇಲೆ ನಡುಕ ಬಂತು. 300 ಗಂಟೆ ಓಡಿಸುವ ಪರೀಕ್ಷೆಯಲ್ಲಿ 178ನೇ ಗಂಟೆಗೆ, ನಡುಗಿ ನಡುಗಿ ದಣಿದಿದ್ದ ಎಂಜಿನ್ ಚೌಕಟ್ಟು ಮುರಿದು ಯಂತ್ರ ನಾಶವಾಯಿತು. ಹಾರುವ ಯಂತ್ರದ ನಡುಕದ ಬೆನ್ನು ಹತ್ತಿ ಯಾಕ್ ಕಟ್ಟಿದ ಯಾಕೊವ್ಲೆವ್ ಅವರ ಜನ ತಿಂಗಳುಗಟ್ಟಲೆ ತಡಕಾಡಿದರು. ಕೊನೆಗೆ ಬ್ಲೇಡುಗಳ ತುದಿಯಿಂದ ಅರ್ಧ ಮೀಟರ್ ಕತ್ತರಿಸಿದರು. ನಡುಕ ಇಳಿಯಿತು. ಬ್ಲೇಡಿನ ಲಯ ಮೈಯ ಲಯದಿಂದ ಬೇರೆಯಾಯಿತು, ಅಷ್ಟೇ.

ನೀವು ಗರಗಸ ಹುಡುಕುವ ಮುನ್ನ ಅಗ್ಗದ ಪರೀಕ್ಷೆ ಒಂದಿದೆ. ರೋಟರ್ ವೇಗವನ್ನು ಕೈಪಿಡಿ ಒಪ್ಪುವ ಮಿತಿಯೊಳಗೆ ಚೂರು ಏರಿಸಿ, ಚೂರು ಇಳಿಸಿ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಗುಯ್ಗುಟ್ಟಿ, ಆಚೀಚೆ ಹೋದರೆ ಇಳಿದರೆ ಅದು ಲಯ ಕೂಡಿದ ನಡುಕ, ಯಾವ ನಟ್ಟೂ ಸಡಿಲವಾಗಿಲ್ಲ. ವೇಗ ಯಾವುದಾದರೂ ಬಿಡದೆ ನಡುಗಿದರೆ ಗೇರ್‌ಬಾಕ್ಸ್ ಮತ್ತು ಎಂಜಿನ್ ಕೂರಿಸಿದ ಬೋಲ್ಟ್‌ಗಳನ್ನು ನೋಡಿ. ಬೋಲ್ಟ್ ತಲೆಯ ಸುತ್ತ ಕಪ್ಪು ಅಥವಾ ಕೆಂಚು ಪುಡಿ ಕಂಡರೆ ಎರಡು ಲೋಹ ಉಜ್ಜಾಡುತ್ತಿವೆ. ಸಾಮಾನು ಹೇರಿದಾಗ ಮಾತ್ರ ನಡುಕ ಬಂದರೂ ಆಶ್ಚರ್ಯವಿಲ್ಲ, ತೂಕ ಬದಲಾದರೆ ಮೈಯ ಲಯವೂ ಬದಲಾಗುತ್ತದೆ.

ಚೌಕಟ್ಟಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಹಾರಾಟ ಬಂದ್.

ಲಕ್ಷಣ: ಎರಡು ರೋಟರ್‌ಗಳ ತಾಳ ತಪ್ಪಿದೆಯೇ ಎಂಬ ಅನುಮಾನ

ಅನುಮಾನ ಬಂದರೆ ಸಾಕು, ಎಂಜಿನ್ ಚಾಲೂ ಮಾಡುವಂತಿಲ್ಲ. ಮುಂದಿನ ಗೇರ್‌ಬಾಕ್ಸಿನಿಂದ ಹಿಂದಿನದಕ್ಕೆ ಚಾವಣಿಯುದ್ದಕ್ಕೂ ಹೋಗುವ ಶಾಫ್ಟೇ ಎರಡನ್ನೂ ತಾಳದಲ್ಲಿ ಇಡುವುದು. ಎಂಜಿನ್ ಎರಡಿದ್ದರೆ, ಒಂದು ನಿಂತಾಗ ಇನ್ನೊಂದು ಎರಡೂ ರೋಟರ್ ತಿರುಗಿಸುವುದೂ ಇದರ ಮೂಲಕವೇ. ರೋಟರ್‌ಗಳ ಹಾದಿ ಒಂದರೊಳಗೊಂದು ಸೇರುವ ಯಂತ್ರದಲ್ಲಿ, ಮೂರು ಬ್ಲೇಡಿದ್ದರೆ ಹಿಂದಿನ ಬ್ಲೇಡ್ ಮುಂದಿನ ಎರಡರ ನಡುವೆ 60 ಡಿಗ್ರಿಯಲ್ಲಿ ಬರಬೇಕು. 1986ರ ನವೆಂಬರ್ 6ರಂದು ಸ್ಕಾಟ್ಲೆಂಡಿನ ಶೆಟ್‌ಲೆಂಡ್‌ನ ಸಂಬರೊ ಬಳಿ ಪ್ರಯಾಣಿಕರ ಚಿನೂಕ್ ಸಮುದ್ರಕ್ಕೆ ಬಿದ್ದು 45 ಜನ ಸತ್ತದ್ದು ಮುಂದಿನ ಗೇರ್‌ಬಾಕ್ಸಿನ ಒಂದು ಹಲ್ಲುಚಕ್ರ ಮುರಿದು ತಾಳ ತಪ್ಪಿ, ಬ್ಲೇಡಿಗೆ ಬ್ಲೇಡ್ ಬಡಿದು.

ಪರೀಕ್ಷೆ ಸುಲಭ. ಒಬ್ಬರು ಮುಂದಿನ ಬ್ಲೇಡನ್ನು ಮೆಲ್ಲಗೆ ತಿರುಗಿಸಲಿ, ಇನ್ನೊಬ್ಬರು ಹಿಂದಿನ ಬ್ಲೇಡಿನ ತುದಿಯನ್ನು ಒಂದು ಕಡ್ಡಿಯ ಗುರುತಿಗೆ ಹಿಡಿದು ನೋಡಲಿ. ಮುಂದಿನದು ಎಷ್ಟು ಸರಿದ ಮೇಲೆ ಹಿಂದಿನದು ಅಲುಗಿತು ಎಂದು ಅಳೆದು ಬರೆದಿಡಿ. ಕಳೆದ ತಿಂಗಳ ಅಳತೆಗಿಂತ ಹೆಚ್ಚಿದ್ದರೆ ಎಲ್ಲೋ ಹಲ್ಲು ಸವೆದಿದೆ ಅಥವಾ ಜೋಡಣೆ ಸಡಿಲಾಗಿದೆ. ತಿರುಗಿಸುವಾಗ ಇಬ್ಬರೂ ಬಾಯಿ ಮುಚ್ಚಿಕೊಂಡು ಕಿವಿಗೊಡಿ, ‘ಟಕ್’ ಎಂಬ ಒಂದು ಸದ್ದು ಶಾಫ್ಟಿನ ಯಾವ ಬೇರಿಂಗ್ ಹತ್ತಿರ ಬಂತೆಂದು ತಿಳಿಯುತ್ತದೆ. ಒಂದು ತಿರುಗಿ ಇನ್ನೊಂದು ತಿರುಗದಿದ್ದರೆ ಯಂತ್ರಕ್ಕೆ ಕೆಂಪು ಪಟ್ಟಿ ಕಟ್ಟಿ ಮನೆಗೆ ಹೋಗಿ.

ಲಕ್ಷಣ: ಗೇರ್‌ಬಾಕ್ಸಿನ ಎಣ್ಣೆ ಬಿಸಿ, ಅಥವಾ ಎಣ್ಣೆಯಲ್ಲಿ ಲೋಹ

ಮೊದಲು ಎಣ್ಣೆಯ ಮಟ್ಟ, ಆಮೇಲೆ ಕೂಲರಿನ ಮುಂದೆ ಹುಲ್ಲು ಕಸ ಸಿಕ್ಕಿದೆಯೇ, ಆಮೇಲೆ ಮೀಟರೇ ಸುಳ್ಳು ಹೇಳುತ್ತಿದೆಯೇ. ಮುಂದಿನ ಮತ್ತು ಹಿಂದಿನ ಗೇರ್‌ಬಾಕ್ಸ್‌ಗಳ ಬಿಸಿಯನ್ನು ಒಂದಕ್ಕೊಂದು ಹೋಲಿಸಬೇಡಿ. ಮುಂದಕ್ಕೆ ಹಾರುವಾಗ ಹಿಂದಿನ ರೋಟರ್ ಮುಂದಿನದು ಕೆಳಕ್ಕೆ ತಳ್ಳಿದ ಗಾಳಿಯಲ್ಲಿ ಕೆಲಸ ಮಾಡುತ್ತದೆ, ಅದಕ್ಕೆ ಶ್ರಮ ಹೆಚ್ಚು. ಪ್ರತಿಯೊಂದನ್ನೂ ಅದರ ಹಳೆಯ ಲೆಕ್ಕಕ್ಕೇ ಹೋಲಿಸಿ.

ಎಣ್ಣೆಯಲ್ಲಿನ ಲೋಹದ ಚೂರು ಹಿಡಿಯುವ ಆಯಸ್ಕಾಂತದ ಪ್ಲಗ್ ಬಿಚ್ಚಿ. ಅದರ ಮೇಲೆ ವಿಭೂತಿ ಬಳಿದಂಥ ಬೂದುಬಣ್ಣದ ನುಣುಪು ಇದ್ದರೆ ಸಹಜ ಸವೆತ, ಒರೆಸಿ ಹಾಕಿ. ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದಾಗ ಚುಚ್ಚಿದರೆ, ಬೆಳಕಿಗೆ ಹಿಡಿದಾಗ ಮೀನಿನ ಹುರುಪೆಯಂತೆ ಮಿನುಗಿದರೆ, ಹಲ್ಲು ಅಥವಾ ಬೇರಿಂಗ್ ಪದರ ಬಿಡುತ್ತಿದೆ. ಎಣ್ಣೆ ಬದಲಿಸಿ ಇನ್ನೊಮ್ಮೆ ಹಾರಿ ನೋಡುವ ಆಸೆ ಆಗುತ್ತದೆ, ಬೇಡ.

ತೊಳೆದ ಗೇರ್‌ಬಾಕ್ಸ್ ಎಂದು ನಿರಾಳವಾಗುವಂತೆಯೂ ಇಲ್ಲ. 1982ರ ಸೆಪ್ಟೆಂಬರ್ 11ರಂದು ಜರ್ಮನಿಯ ಮಾನ್‌ಹೈಮ್‌ನಲ್ಲಿ ಅಮೆರಿಕ ಸೇನೆಯ ಚಿನೂಕ್ ಬಿದ್ದು 46 ಜನ ಸತ್ತರು. ಭಾಗಗಳನ್ನು ಉಜ್ಜಿ ತೊಳೆಯಲು ಬಳಸಿದ ಆಕ್ರೋಟ್ ಚಿಪ್ಪಿನ ಪುಡಿ ಒಳಗೇ ಉಳಿದು, ಎಣ್ಣೆಯ ದಾರಿ ಕಟ್ಟಿಕೊಂಡಿತ್ತು.

ಲಕ್ಷಣ: ಕೋಲು ಎಂದಿನ ಜಾಗದಲ್ಲಿ ನಿಲ್ಲುವುದಿಲ್ಲ, ಮೂತಿ ಅಲೆದಾಡುತ್ತದೆ

ಕಂಟ್ರೋಲ್ ಕೋಲನ್ನು ಎಂದಿಗಿಂತ ಮುಂದೆ ಅಥವಾ ಹಿಂದೆ ಹಿಡಿದರೆ ಮಾತ್ರ ಯಂತ್ರ ಮಟ್ಟಸವಾಗಿ ನಿಲ್ಲುತ್ತಿದ್ದರೆ ಮೊದಲು ಸಾಮಾನು ತೂಗಿ. ಎರಡು ಕಂಬದ ಮೇಲೆ ತೊಲೆ ಇಟ್ಟಂತಿರುವ ಈ ಯಂತ್ರ ಹಿಂದೆ ಮುಂದೆ ಹೇರಿದ್ದನ್ನು ಬಹಳವಾಗಿ ಸಹಿಸುತ್ತದೆ, ಅದಕ್ಕೇ ಹೇರುವವರು ಅಸಡ್ಡೆ ಮಾಡುತ್ತಾರೆ. ಖಾಲಿ ಇದ್ದಾಗಲೂ ಹಾಗೇ ಇದ್ದರೆ ಎರಡು ರೋಟರ್‌ಗಳ ಕೋನದ ಹೊಂದಾಣಿಕೆಯಲ್ಲಿ ವ್ಯತ್ಯಾಸವಿದೆ; ಮೂತಿ ಎತ್ತುವುದು ಇಳಿಸುವುದು ಇಲ್ಲಿ ನಡೆಯುವುದೇ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಕೋನ ಕೊಟ್ಟು.

ವೇಗದಲ್ಲಿ ಮೂತಿ ಎಡಕ್ಕೆ ಬಲಕ್ಕೆ ಅಲೆದರೆ ಹುಡುಕಲು ಹೆಚ್ಚೇನೂ ಇಲ್ಲ. ಈ ಆಕಾರದ ಹುಟ್ಟುಗುಣ ಅದು. ಯಾಕ್-24ಕ್ಕೆ ಬಾಲದ ಪಟ್ಟಿಗಳನ್ನೇ ಬದಲಿಸಿದರು. ಕೇಬಲ್‌ಗಳ ಬಿಗಿ ನೋಡಿ, ಅದು ಸರಿಯಿದ್ದರೆ ಪೈಲಟ್‌ಗೆ ಹಾಗೆಂದು ಹೇಳಿ.

ಲಕ್ಷಣ: ಏನೂ ಸಿಗಲಿಲ್ಲ, ಅಳೆಯುವ ಉಪಕರಣ ಹಾಕಿ ನೋಡೋಣ

ಹಾಕಿ. ಆದರೆ ಆ ಉಪಕರಣವನ್ನೂ ಯಂತ್ರದ ಒಂದು ಭಾಗವೆಂದೇ ತಪಾಸಣೆ ಮಾಡಿ. ಪಿಯಾಸೆಕಿ ಎಚ್-16 (ಮೊದಲೇ ಹೇಳಿದ ಎಕ್ಸ್‌ಎಚ್-16ರ ಬಳಗದ್ದು), 25 ಮೀಟರ್ ಅಗಲದ ರೋಟರ್‌ಗಳ ದೈತ್ಯ. ಅದರ ಹಿಂದಿನ ಬ್ಲೇಡ್‌ಗಳ ಮೇಲೆ ಬೀಳುವ ಒತ್ತಡ ಅಳೆಯಲು, ಪೊಳ್ಳಾದ ರೋಟರ್ ಶಾಫ್ಟಿನೊಳಗೆ ಒಂದು ಉಕ್ಕಿನ ಕೊಳವೆ ನಿಲ್ಲಿಸಿ ತಂತಿ ಎಳೆದಿದ್ದರು. 1956ರ ಜನವರಿ 5ರ ಹಾರಾಟದಲ್ಲಿ, ತಂತಿಗಳನ್ನು ತಿರುಗುವ ಭಾಗಕ್ಕೆ ದಾಟಿಸುವ ಸ್ಲಿಪ್ ರಿಂಗ್ ಹಿಡಿದುಕೊಂಡಿತು. ಕೊಳವೆ ಮುರಿಯಿತು. ಮುರಿದ ತುಂಡು ವಾಲಿ ಶಾಫ್ಟಿನ ಒಳಗೋಡೆಗೆ ತಾಗಿ, ಪ್ರತಿ ಸುತ್ತಿಗೂ ಗೀರುತ್ತಾ ಗೀರುತ್ತಾ ಆಳವಾದ ಗೆರೆ ಕೊರೆಯಿತು. ಶಾಫ್ಟ್ ಆಕಾಶದಲ್ಲೇ ತುಂಡಾಯಿತು. ಇಬ್ಬರು ಪೈಲಟ್‌ಗಳೂ ಉಳಿಯಲಿಲ್ಲ. ಆ ದಿನ ಹೊರಗಿನಿಂದ ಯಾವ ತಪಾಸಣೆ ಮಾಡಿದ್ದರೂ ಆ ಶಾಫ್ಟ್ ಹೊಚ್ಚಹೊಸದಾಗೇ ಕಾಣುತ್ತಿತ್ತು.

ಆದ್ದರಿಂದ ತಪಾಸಣೆ ಹಾಳೆಯ ಕೊನೆಗೆ ಇನ್ನೊಂದು ಸಾಲು ಗೀಚಿ: ಪರೀಕ್ಷೆಗೆಂದು ಒಳಗೆ ಹೋದ ತಂತಿ, ಕೊಳವೆ, ಕ್ಲಿಪ್ಪು, ಟೇಪು ಎಷ್ಟು, ಹೊರಬಂದದ್ದು ಎಷ್ಟು. ಒಳಗೇ ಉಳಿಯುವಂಥದ್ದಾದರೆ, ಪ್ರತಿ ಹಾರಾಟದ ಮುಂಚೆ ಅದರ ಬೇರಿಂಗನ್ನು ಬೆರಳಿನಿಂದ ತಿರುಗಿಸಿ ನೋಡಿದವರು ಯಾರು ಎಂಬುದಕ್ಕೆ ಸಹಿ. ಟಿಕ್ ಸಾಲದು.